ಸಚೇತ್ ಆ್ಯಪ್, ಫೋನಿಗೆ ಬರೋ ಸೈರನ್, ವರುಣಮಿತ್ರ: ಡ್ಯಾಂ ಕೆಳಗಿನ ಊರಿನವರಿಗೆ ಯಾವುದು ಕೆಲಸಕ್ಕೆ ಬರತ್ತೆ?

ಮೊದ್ಲೇ ಹೇಳ್ಬಿಡ್ತೀನಿ, ಮಳೆ, ಪ್ರವಾಹದ ಎಚ್ಚರಿಕೆ ಕೊಡೋ ಸರ್ಕಾರಿ ಸಚೇತ್ ಆ್ಯಪ್ ಹಾಕ್ಕೊಳ್ಳಿ, ಫ್ರೀ, ಆದ್ರೆ ಅದೊಂದನ್ನೇ ನಂಬ್ಕೊಂಡು ಕೂರ್ಬೇಡಿ, ಜೊತೆಗೆ ಮಳೆ ಮಾಹಿತಿ ಕೊಡೋ ಸಹಾಯವಾಣಿ ವರುಣಮಿತ್ರದ ನಂಬರ್ ಕೂಡ ಸೇವ್ ಮಾಡ್ಕೊಳ್ಳಿ: 92433 45433.

ಅಮ್ಮನ ಕಡೆಯವರೆಲ್ಲ ಇರೋದು ಕಂಪ್ಲಿ ಹತ್ರ, ತುಂಗಭದ್ರಾ ಡ್ಯಾಂ ಕೆಳಗೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟಿನ (ಡ್ಯಾಂ ಮೇಲ್ಭಾಗದಲ್ಲಿ ನೀರು ಬಿಡೋ ಬಾಗಿಲು) ಚೈನ್ ತುಂಡಾಗಿ ಗೇಟ್ ಕೊಚ್ಕೊಂಡು ಹೋಯ್ತಲ್ಲ, ಇದ್ದ 33 ಗೇಟಲ್ಲಿ ಹೋಗಿದ್ದು ಒಂದೇ, ಆದ್ರೆ ಅದೊಂದರಿಂದಾನೇ 35 ಸಾವಿರ ಕ್ಯೂಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ) ನೀರು, ಒತ್ತಡ ಇಳಿಸೋಕೆ ಅಂತ ಬೇರೆ ಗೇಟುಗಳನ್ನೂ ಎತ್ತಿದ್ರು. ನಡೆದಿದ್ದು ಇಷ್ಟು. ನಮ್ಮ ಫ್ಯಾಮಿಲಿ ಗ್ರೂಪಿಗೆ ಬೆಳಿಗ್ಗೆ ಬಂದಿದ್ದು ಮಾತ್ರ "ಡ್ಯಾಂ ಒಡೀತು" ಅಂತ, ಜೊತೆಗೆ ಯಾವ್ದೋ ದೇಶದ ವಿಡಿಯೋ. ದೊಡ್ಡವ್ವ ಫೋನ್ ಮಾಡಿ "ಡ್ಯಾಂ ಒಡದೈತಂತಪಾ, ದನ ಬಿಚ್ಚಿ ಗುಡ್ಡದ ಕಡೆ ಹೊಡಕೊಂಡು ಹೋಗ್ಬೇಕೇನು?" ಅಂದ್ರು. ಗೇಟ್ ಹೋದ್ರೆ ದಂಡೆ ಗದ್ದೆಗೆ, ಸೇತುವೆಗೆ ನೀರು ಬರತ್ತೆ. ಡ್ಯಾಂ ಒಡೆದ್ರೆ ಊರೇ ಉಳಿಯಲ್ಲ. ಈ ವ್ಯತ್ಯಾಸ ಹೇಳೋ ಒಂದು ಸರ್ಕಾರಿ ಸಾಲು ಆ ಫಾರ್ವರ್ಡ್‌ಗಿಂತ ಮುಂಚೆ ದೊಡ್ಡವ್ವನ ಫೋನಿಗೆ ತಲುಪಬೇಕು, ನಾನು ಈ ಮೂರನ್ನೂ ನೋಡೋದು ಅದೊಂದೇ ಲೆಕ್ಕದಲ್ಲಿ.

ಸಚೇತ್ ಅನ್ನೋದು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ್ದು, ತಯಾರು ಮಾಡಿದ್ದು ಕೇಂದ್ರ ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್. ಹವಾಮಾನ ಇಲಾಖೆ, ಕೇಂದ್ರ ಜಲ ಆಯೋಗ, ಸಮುದ್ರದ ಕಡೆಯ ಎಚ್ಚರಿಕೆ ಎಲ್ಲಾ ಒಂದೇ ಕಡೆ ಬರತ್ತೆ, ಕನ್ನಡದಲ್ಲೂ ಇದೆ, ನಾವಿರೋ ಜಾಗ ನೋಡ್ಕೊಂಡು ಅಲರ್ಟ್ ಕೊಡತ್ತೆ. ಇದು ನಿಜಕ್ಕೂ ದೊಡ್ಡ ವಿಷಯ. ಆದ್ರೆ ಮಳೆಯ ಎಚ್ಚರಿಕೆ ಬಹುತೇಕ ಜಿಲ್ಲೆ ಲೆಕ್ಕದಲ್ಲೇ ಇರತ್ತೆ, ಹಳದಿ ಅಂದ್ರೆ 24 ಗಂಟೇಲಿ 64.5 ಮಿಮೀ ಮೇಲೆ, ಕಿತ್ತಳೆ ಅಂದ್ರೆ 115.6 ಮೇಲೆ, ಕೆಂಪು ಅಂದ್ರೆ 204.4 ದಾಟಿದ್ದು, ಈ ಬಣ್ಣದ ಲೆಕ್ಕ ಎಷ್ಟು ಜನಕ್ಕೆ ಗೊತ್ತು ಹೇಳಿ. ಇನ್ನೊಂದು, ನಮ್ಮ ಕಡೆ ಹೊಳೆ ಬರೋದು ನಮ್ಮೂರ ಮಳೆಯಿಂದ ಅಲ್ಲ, ತುಂಗಾ ಭದ್ರಾ ಹುಟ್ಟೋ ಮಲೆನಾಡಿನ ಮಳೆಯಿಂದ. ಕಂಪ್ಲೀಲಿ ಚುರ್ ಅನ್ನೋ ಬಿಸಿಲಿದ್ದಾಗ್ಲೂ ಹೊಳೆ ತುಂಬಿ ಬರತ್ತೆ. ಆದ್ದರಿಂದ ಮಳೆ ಅಲರ್ಟ್ ಮಾತ್ರ ನೋಡಿ ಸುಮ್ನಾಗ್ಬೇಡಿ, ನದಿ ಪ್ರವಾಹದ ಅಲರ್ಟ್ ಬೇರೆ ಬರತ್ತೆ, ಅದನ್ನ ಓದಿ.

ಇನ್ನು ಸೈರನ್, ಅದೇ ಸೆಲ್ ಬ್ರಾಡ್‌ಕಾಸ್ಟ್, 2023ರ ಅಕ್ಟೋಬರ್ 12ಕ್ಕೆ ಕರ್ನಾಟಕದಲ್ಲಿ ಟೆಸ್ಟ್ ಮಾಡಿದಾಗ ಎಲ್ಲರ ಫೋನೂ ಒಟ್ಟಿಗೆ ಕಿರುಚ್ಕೊಂಡಿತ್ತಲ್ಲ ಅದು. ಬೇಗ ತಲುಪೋ ವಿಷಯದಲ್ಲಿ ಮಾತ್ರ ಮೂರರಲ್ಲಿ ನನಗೆ ಅತಿ ಹೆಚ್ಚು ನಂಬಿಕೆ ಇರೋದು ಇದರ ಮೇಲೆ. ಎಸ್ಸೆಮ್ಮೆಸ್ಸು ಒಬ್ಬೊಬ್ಬರಿಗೇ ಹೋಗ್ಬೇಕು, ನೆಟ್‌ವರ್ಕ್ ಜಾಮ್ ಆದ್ರೆ ನಿಲ್ಲತ್ತೆ, ಇದು ಹಾಗಲ್ಲ, ಟವರ್ ಒಂದೇ ಸಲ ಕೂಗತ್ತೆ, ಆ ಟವರ್ ಕೆಳಗಿರೋ, ಈ ಸೌಲಭ್ಯ ಇರೋ ಫೋನಿಗೆಲ್ಲಾ ಕೇಳತ್ತೆ, ಇಂಟರ್ನೆಟ್ ಬೇಡ, ಆ್ಯಪ್ ಬೇಡ, ನಂಬರ್ ರಿಜಿಸ್ಟರ್ ಮಾಡೋದು ಬೇಡ. ಆದ್ರೆ ಸೈರನ್ ಜೊತೆ ಬರೋ ಸಾಲನ್ನ ಬರೆಯೋದು ಮನುಷ್ಯರೇ ತಾನೇ. "ಜಾಗರೂಕರಾಗಿರಿ" ಅಂತ ಬರೆದ್ರೆ ಏನೂ ಪ್ರಯೋಜನ ಇಲ್ಲ. ಎಷ್ಟು ಕ್ಯೂಸೆಕ್ ಬಿಟ್ಟಿದಾರೆ, ಎಷ್ಟು ಹೊತ್ತಿಗೆ ಯಾವ ಊರು ಮುಟ್ಟತ್ತೆ, ಯಾವ ಸೇತುವೆ ಮುಚ್ಚಿದಾರೆ, ಡ್ಯಾಂ ಗಟ್ಟಿಯಾಗಿದೆಯೋ ಇಲ್ವೋ, ಇಷ್ಟನ್ನ ಬೇಸಿಗೇಲೇ ಬರೆದಿಟ್ಕೊಂಡು ಮಳೆಗಾಲಕ್ಕೆ ಅಂಕಿ ಮಾತ್ರ ತುಂಬೋ ಹಾಗಿರ್ಬೇಕು. ಹೊಸ ಸುದ್ದಿ ಏನೂ ಇಲ್ದಿದ್ರೂ ಎರಡೆರಡು ಗಂಟೆಗೆ "ಪರಿಸ್ಥಿತಿ ಹಾಗೇ ಇದೆ" ಅಂತ ಒಂದು ಮಾತು ಬರ್ಲೇಬೇಕು, ಸರ್ಕಾರ ಸುಮ್ನಿದ್ದಷ್ಟು ಹೊತ್ತೂ ವಾಟ್ಸಾಪ್ ಮಾತಾಡ್ತಿರತ್ತೆ. 2012ರ ಆಗಸ್ಟಲ್ಲಿ ಹಲ್ಲೆ ಆಗತ್ತೆ ಅನ್ನೋ ವದಂತಿಗೆ ಹೆದರಿ ಈಶಾನ್ಯದ ಜನ ಬೆಂಗಳೂರಿಂದ ರೈಲು ರೈಲು ತುಂಬ್ಕೊಂಡು ಹೊರಟಾಗ ಒಂದು ಫೋನಿಂದ ಕಳಿಸೋ ಎಸ್ಸೆಮ್ಮೆಸ್ಸನ್ನ ಸರ್ಕಾರದವ್ರು ದಿನಕ್ಕೆ 5ಕ್ಕೆ ಕಟ್ ಮಾಡಿದ್ರು, ಆದ್ರೆ ಅಷ್ಟೊತ್ತಿಗೆ ಸಾವಿರಾರು ಜನ ರೈಲು ಹತ್ತಿಯಾಗಿತ್ತು.

ವರುಣಮಿತ್ರ ಯಲಹಂಕದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ್ದು, ದಿನದ 24 ಗಂಟೆ ಸಹಾಯವಾಣಿ. ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿರೋ ಸಂಸ್ಥೆ ಅದು. ಊರು, ಹೋಬಳಿ ಹೇಳಿದ್ರೆ ಮಳೆ ಹೇಗಿದೆ, ಮುಂದೆ ಬರತ್ತಾ ಅಂತ ಕನ್ನಡದಲ್ಲಿ ಸಮಾಧಾನವಾಗಿ ಹೇಳ್ತಾರೆ. ನಾನು ಕಾಲ್ ಮಾಡಿದಾಗ ಆ ಕಡೆಯವ್ರು "ನಿಮ್ದು ಯಾವ ಹೋಬಳಿ ಸರ್?" ಅಂತಾನೇ ಮಾತು ಶುರು ಮಾಡಿದ್ರು. ಓದೋಕೆ ಬರದೇ ಇರೋರೂ ಪ್ರಶ್ನೆ ಕೇಳಬಹುದು, ತಿರುಗಿ ಇನ್ನೊಂದು ಕೇಳಬಹುದು, ಆ್ಯಪ್‌ಗೂ ಸೈರನ್‌ಗೂ ಇದು ಆಗಲ್ಲ.

ನನ್ನ ಲೆಕ್ಕದಲ್ಲಿ ವರುಣಮಿತ್ರಕ್ಕೆ 5ಕ್ಕೆ 5, ಸೈರನ್‌ಗೆ 4, ಸಚೇತ್‌ಗೆ ಮೂರೂವರೆ. ಊರಿಗೆ ಹೋದಾಗ ಮನೆಯವರ ಫೋನ್ ಸೆಟ್ಟಿಂಗ್ಸಲ್ಲಿ ಎಮರ್ಜೆನ್ಸಿ ಅಲರ್ಟ್ ಆನ್ ಇದೆಯಾ ನೋಡಿ, ಟೆಸ್ಟ್ ದಿನ ಗಾಬರಿಯಾಗಿ ಎಷ್ಟೋ ಜನ ಆಫ್ ಮಾಡ್ಬಿಟ್ಟಿದಾರೆ.