ಡ್ರೈವರ್‌ಗಳಿಗಾಗಿ ತಂದ ಊದೋ ಮೀಟರ್: ಎಂಟು ತಿಂಗಳು ಬಳಸಿದ ಮೇಲೆ

ಹಾಸನದಲ್ಲಿ ನನ್ನದು ಚಿಕ್ಕ ಟ್ರಾವೆಲ್ಸ್. ಎರಡು ಟಿಟಿ (ಟೆಂಪೋ ಟ್ರಾವೆಲರ್), ಎರಡು ಕಾರು, ಐದು ಜನ ಡ್ರೈವರ್‌ಗಳು. ಧರ್ಮಸ್ಥಳ, ಸುಬ್ರಹ್ಮಣ್ಯದ ಟ್ರಿಪ್ಪುಗಳೇ ಜಾಸ್ತಿ. ಬೆಳಗಿನ ಜಾವ ಐದೂವರೆಗೆ ಗಾಡಿ ಹೊರಟು ಶಿರಾಡಿ ಘಾಟಿ ಇಳಿಯಬೇಕು. ಅದಕ್ಕಾಗಿಯೇ, ಡ್ರೈವರ್ ಮೈಯಲ್ಲಿ ಮದ್ಯ ಎಷ್ಟಿದೆ ಅಂತ ಉಸಿರು ನೋಡಿ ಹೇಳುವ ಈ ಮೀಟರ್ ತಂದೆ.

ಮೊದಲು ತಂದದ್ದು 1,800 ರೂಪಾಯಿಯದು. ಅದನ್ನು ದಯವಿಟ್ಟು ಕೊಳ್ಳಬೇಡಿ. ಒಬ್ಬರೇ ಮೂರು ಸಲ ಊದಿದರೆ ಮೂರು ಲೆಕ್ಕ ಬರುತ್ತಿತ್ತು. ಒಳಗಿದ್ದದ್ದು ಸೆಮಿಕಂಡಕ್ಟರ್ ಸೆನ್ಸರ್. ಸಕ್ಕರೆ ಕಾಯಿಲೆ ಹತೋಟಿಗೆ ಬರದವರ ಉಸಿರಿನಲ್ಲಿ, ತುಂಬಾ ಹೊತ್ತು ಉಪವಾಸ ಇದ್ದವರ ಉಸಿರಿನಲ್ಲಿ ಅಸಿಟೋನ್ ಅನ್ನುವ ರಾಸಾಯನಿಕ ಇರುತ್ತದೆ. ಇಂಥ ಸೆನ್ಸರ್ ಅದನ್ನೂ ಮದ್ಯ ಅಂದುಕೊಳ್ಳಬಹುದು. ಕುಡಿಯದವನ ಮೇಲೆ ಸುಮ್ನೆ ಅನುಮಾನ ಪಡುವುದು ತಪ್ಪಲ್ವಾ? ಆಮೇಲೆ 9,000 ಕೊಟ್ಟು, ಅಸಿಟೋನನ್ನು ಮದ್ಯ ಅಂದುಕೊಳ್ಳದ ಫ್ಯುಯೆಲ್ ಸೆಲ್ ಸೆನ್ಸರ್ ಇರುವುದನ್ನು ತರಿಸಿದೆ. ನಾನು ಹೇಳುತ್ತಿರುವುದು ಇದರ ಬಗ್ಗೆ.

ಬಳಸುವುದು ಸುಲಭ. ಹೊಸ ನಳಿಗೆ ಸಿಕ್ಕಿಸಿ, ಬೀಪ್ ನಿಲ್ಲುವ ತನಕ ಒಂದೇ ಸಮ ಊದಬೇಕು. ಶ್ವಾಸಕೋಶದ ಆಳದ ಗಾಳಿ ಬಂದರೇನೇ ಲೆಕ್ಕ ಸರಿ. ದೊಡ್ಡ ತೊಂದರೆ ಕೊಟ್ಟದ್ದು ಸೆಟ್ಟಿಂಗ್. ಡಬ್ಬಿಯಿಂದ ತೆಗೆದಾಗ ಅದು ಒಂದು ಲೀಟರ್ ಉಸಿರಿನಲ್ಲಿ ಎಷ್ಟು ಮಿಲಿಗ್ರಾಂ ಎಂದು ತೋರಿಸುತ್ತಿತ್ತು. ನಮ್ಮ ಕಾನೂನಿನ ಮಿತಿ ರಕ್ತದ್ದು, 100 ಮಿಲಿಲೀಟರ್‌ಗೆ 30 ಮಿಲಿಗ್ರಾಂ. ಪರದೆ ಮೇಲೆ 0.22 ಬಂದರೆ ಏನೂ ಇಲ್ಲ ಅನ್ನಿಸುತ್ತದೆ. ರಕ್ತದ ಲೆಕ್ಕಕ್ಕೆ ತಂದರೆ ಅದು 46! ಪೊಲೀಸರ ಕೈಗೆ ಸಿಕ್ಕರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಇಂಗ್ಲಿಷ್ ಕೈಪಿಡಿಯಲ್ಲಿ ಇದನ್ನು ಎಲ್ಲೋ ಮೂಲೆಯಲ್ಲಿ ಹಾಕಿದ್ದಾರೆ. ಕೊಂಡ ದಿನವೇ ಸೆಟ್ಟಿಂಗನ್ನು ರಕ್ತದ ಲೆಕ್ಕಕ್ಕೆ ಬದಲಾಯಿಸಿಕೊಳ್ಳಿ.

ಆ 46 ಬಂದದ್ದು ನಮ್ಮ ಹಿರಿಯ ಡ್ರೈವರ್‌ಗೆ. ಬೆಳಗ್ಗೆ ಐದು ಗಂಟೆ ಹತ್ತು ನಿಮಿಷ. ಹಿಂದಿನ ರಾತ್ರಿ ಎಂಟೂವರೆಗೆ ಕೂತು ಒಂದು ಕ್ವಾರ್ಟರ್, ಅದರ ಮೇಲೆ ಒಂದು ನೈಂಟಿ ಕುಡಿದಿದ್ದ. "ಅಕ್ಕಾ, ಹತ್ತೂವರೆಗೇ ನಿಲ್ಸಿದ್ದೆ. ಊಟ ಮಾಡಿ ಮಲ್ಗಿ ಎದ್ದಿದೀನಿ, ಈಗ ಏನೂ ಇಲ್ಲ" ಅಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ನಿಜಕ್ಕೂ ಹಾಗೇ ಅನ್ನಿಸುತ್ತಿತ್ತು. ತಣ್ಣೀರಲ್ಲಿ ಮುಖ ತೊಳೆದ, ಕಾಫಿ ಕುಡಿದ. ಐದೂ ಮೂವತ್ತೈದಕ್ಕೆ ಮತ್ತೆ ಊದಿದ. 40.

ಲಿವರ್ ತನ್ನ ಪಾಡಿಗೆ ಕೆಲಸ ಮಾಡುತ್ತದೆ. ಗಂಟೆಗೆ ಸುಮಾರು 15 ಇಳಿಯುತ್ತದೆ. ಕೆಲವರಿಗೆ 10, ಕೆಲವರಿಗೆ 20. ಕಾಫಿ, ಮಜ್ಜಿಗೆ, ನಿಂಬೆಹಣ್ಣು, ಸ್ನಾನ ಯಾವುದೂ ಅದನ್ನು ಜೋರು ಮಾಡುವುದಿಲ್ಲ. ನಾನೂ ಇಷ್ಟು ವರ್ಷ ಡ್ರೈವರ್‌ಗಳಿಗೆ ಮಜ್ಜಿಗೆ ಕೊಟ್ಟು ಗಾಡಿ ಕಳಿಸಿದ್ದೇನೆ. ನೆನೆದರೆ ಎದೆ ಧಸಕ್ ಅನ್ನುತ್ತದೆ.

ಅವತ್ತು ಅವನು ತೂರಾಡುತ್ತಿರಲಿಲ್ಲ, ತೊದಲುತ್ತಿರಲಿಲ್ಲ. ನನಗೆ ಭಯ ಆದದ್ದೇ ಅದಕ್ಕೆ. ನಡಿಗೆಯಲ್ಲಿ, ಮಾತಿನಲ್ಲಿ ಎದ್ದು ಕಾಣಬೇಕಾದರೆ ಸಾಮಾನ್ಯವಾಗಿ 80 ಆದರೂ ಆಗಬೇಕು. ಆದರೆ 20ರ ಹೊತ್ತಿಗೇ ಓಡುವ ವಸ್ತುವನ್ನು ಕಣ್ಣು ಹಿಂಬಾಲಿಸುವುದು, ಒಟ್ಟಿಗೆ ಎರಡು ಕಡೆ ಗಮನ ಇಡುವುದು ಕಮ್ಮಿಯಾಗುತ್ತದೆ. 50ರ ಹೊತ್ತಿಗೆ ಸ್ಟೇರಿಂಗ್ ಹಿಡಿದ ಕೈಯೂ ಮಂದ. ಘಾಟಿಯ ತಿರುವಿನಲ್ಲಿ ಎದುರಿಗೆ ಲಾರಿ, ಹಿಂದೆ ಬಸ್ಸು. ಒಳಗೆ ಹನ್ನೆರಡು ಜನ, ಅದರಲ್ಲಿ ಮೂರು ಮಕ್ಕಳು. ಇನ್ನೊಬ್ಬ ಡ್ರೈವರ್‌ನನ್ನು ಮನೆಯಿಂದ ಕರೆಸಿದೆ. ಗಾಡಿ ಐವತ್ತು ನಿಮಿಷ ತಡವಾಗಿ ಹೊರಟಿತು. ಪಾರ್ಟಿಯವರು ಬೈದರು, ಬೈಸಿಕೊಂಡೆ.

ಮೀಟರ್ ಹೇಳಿದ್ದೇ ಕೊನೆ ಮಾತು ಅಂತಲೂ ಅಲ್ಲ. ಕುಡಿತವೇ ಇಲ್ಲದ ಇನ್ನೊಬ್ಬ ಡ್ರೈವರ್‌ಗೆ ಒಂದು ದಿನ 60 ತೋರಿಸಿತು. ಪಾಪ, ಅಳುವ ಹಾಗಾಗಿದ್ದ. ಕೇಳಿದರೆ, ಆಗ ತಾನೇ ಅಭಯಾರಿಷ್ಟ ಅನ್ನುವ ಆಯುರ್ವೇದ ಔಷಧಿ ಕುಡಿದು ಬಂದಿದ್ದ. ಅರಿಷ್ಟ ಹುದುಗಿಸಿ ಮಾಡುವಂಥದ್ದು, ಅದರಲ್ಲಿ ತಾನಾಗಿ ಹುಟ್ಟಿದ ಮದ್ಯ ಇರುತ್ತದೆ. ಬಾಯಲ್ಲಿ ಉಳಿದದ್ದನ್ನೇ ಮೀಟರ್ ಹಿಡಿದಿತ್ತು. ಬಾಯಿ ಮುಕ್ಕಳಿಸಿ ಇಪ್ಪತ್ತು ನಿಮಿಷ ಕೂರಿಸಿದೆ. ಸೊನ್ನೆ ಬಂತು. ಮೌತ್‌ವಾಶ್‌ಗೂ ಹೀಗಾಗುತ್ತದೆ. ಹಾಗಾಗಿ ಒಂದೇ ಸಲ ಊದಿಸಿ ಯಾರನ್ನೂ ಬೈಯಬೇಡಿ.

ಇನ್ನೊಂದು ತಪ್ಪು ಬಳಕೆ ನಮ್ಮ ಮನೆಯಲ್ಲೇ ಆಯಿತು. ಮದುವೆ ಮನೆಯಲ್ಲಿ ಅಕ್ಕನ ಮಗ ಖಾಲಿ ಹೊಟ್ಟೆಗೆ 60 ಮಿಲಿ ಹಾಕಿಕೊಂಡು, ಇಪ್ಪತ್ತು ನಿಮಿಷಕ್ಕೆ ಊದಿದ. 18 ಬಂತು. "ಚಿಕ್ಕಮ್ಮ, ಕೀ ಕೊಡಿ" ಅಂದ. ಕೊಡಲಿಲ್ಲ. ಮುಕ್ಕಾಲು ಗಂಟೆ ಬಿಟ್ಟು ಊದಿಸಿದರೆ 37. ಕುಡಿದದ್ದು ರಕ್ತಕ್ಕೆ ಪೂರ್ತಿ ಸೇರಲು ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಬೇಕಾಗಬಹುದು. ಇನ್ನೂ ಒಂದು ಪೆಗ್ ಹಾಕಬಹುದಾ ಅಂತ ನೋಡುವುದಕ್ಕೆ ಇದನ್ನು ತರುವುದಾದರೆ ತರಲೇಬೇಡಿ.

ಖರ್ಚಿನ ಮಾತು. ವರ್ಷಕ್ಕೊಮ್ಮೆ ಕ್ಯಾಲಿಬ್ರೇಶನ್ (ಲೆಕ್ಕ ಸರಿ ಬರುತ್ತಿದೆಯಾ ಅಂತ ನೋಡಿ ಸರಿಪಡಿಸುವುದು) ಮಾಡಿಸಬೇಕು, ಹಾಸನದಲ್ಲಿ ನನಗೆ ಯಾರೂ ಸಿಗಲಿಲ್ಲ. ಕೊರಿಯರ್ ಮಾಡಬೇಕು, ಅಷ್ಟು ದಿನ ಮೀಟರ್ ಇರಲ್ಲ. ನಳಿಗೆ ಪ್ರತಿ ಸಲ ಹೊಸದು. ಆದರೂ ನಾಲ್ಕೈದು ಗಾಡಿ ಇರುವವರು, ಸ್ಕೂಲ್ ವ್ಯಾನ್ ಇಟ್ಟವರು ಕೊಳ್ಳಲೇಬೇಕು ಅನ್ನುತ್ತೇನೆ. ನಮ್ಮ ಹಿರಿಯ ಡ್ರೈವರ್ ಈಗ ಸಂಜೆಯೇ ಫೋನ್ ಮಾಡುತ್ತಾನೆ. "ಅಕ್ಕಾ, ನಾಳೆ ಎಷ್ಟೊತ್ತಿಗೆ ಗಾಡಿ?" ಐದೂವರೆ ಅಂದರೆ, "ಹಂಗಾದ್ರೆ ಇವತ್ತು ಬೇಡ" ಅನ್ನುತ್ತಾನೆ.