ಹಳೇ ಕಾರ್ ಟಯರ್ ಬಿಚ್ಚಲು ಸಮ್ಮಟಿಗೆ, ಹಲಗೆ, ಜಾಕ್: ಯಾವುದು ವಾಸಿ?

ಮಾರುತಿ 800ರ ಸ್ಟೀಲ್ ರಿಮ್‌ಗಳಿಂದ ಸವೆದ ಟಯರ್ ತೆಗೆಯಲು ಮನೆಯಲ್ಲಿ ಆಗುವ ದಾರಿಗಳನ್ನೆಲ್ಲ ಮಾಡಿ ನೋಡಿದ್ದೇನೆ. ನನ್ನ ಓಟು ಜಾಕ್‌ಗೆ.

ಟಯರಿನ ಒಳ ಅಂಚಿನಲ್ಲಿ ಉಕ್ಕಿನ ತಂತಿಯ ಬಳೆ ಇರುತ್ತದಲ್ವಾ, ಅದೇ ಬೀಡ್. ರಿಮ್‌ನ ಅಂಚಿನಲ್ಲಿ ಕೂತು, ವರ್ಷಗಟ್ಟಲೆ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಕಷ್ಟವೆಲ್ಲ ಅದನ್ನು ಕೆಳಗಿಳಿಸುವುದರಲ್ಲೇ ಇದೆ. ವಾಲ್ವ್ ಪಿನ್ ಬಿಚ್ಚಿ ಗಾಳಿ ಪೂರ್ತಿ ಹೋಗುವ ತನಕ ಯಾವುದಕ್ಕೂ ಕೈ ಹಾಕಬೇಡಿ.

ಸಮ್ಮಟಿಗೆ ಬೇಡವೇ ಬೇಡ. ರಬ್ಬರ್ ಮೇಲೆ ಬಿದ್ದ ಏಟು ಹಾಗೇ ವಾಪಸ್ ಪುಟಿಯುತ್ತದೆ. ಗುರಿ ತಪ್ಪಿದರೆ ರಿಮ್‌ನ ಅಂಚು ಡೊಂಕು. ಆಮೇಲೆ ಗಾಳಿ ನಿಲ್ಲುವುದಿಲ್ಲ.

ಹಲಗೆ ಪರವಾಗಿಲ್ಲ. ದಪ್ಪ ಹಲಗೆಯ ತುದಿಯನ್ನು ರಿಮ್‌ನ ಪಕ್ಕ ಟಯರ್ ಮೇಲಿಟ್ಟು, ಹಲಗೆ ಮೇಲೆ ಇನ್ನೊಂದು ಕಾರು ಹತ್ತಿಸಬೇಕು. ಬೀಡ್ ಇಳಿಯುತ್ತದೆ. ಆದರೆ ಒಬ್ಬರು ಓಡಿಸಬೇಕು, ಇನ್ನೊಬ್ಬರು ದೂರ ನಿಂತು ನೋಡಬೇಕು. ಹಲಗೆ ಜಾರುವುದೂ ಜಾಸ್ತಿ.

ಜಾಕ್‌ನಲ್ಲಿ ಈ ಗಲಾಟೆ ಇಲ್ಲ. ಬೊಲೆರೊ ಥರ ಎತ್ತರದ ಗಾಡಿ ಇದ್ದರೆ ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಕಲ್ಲು ಕೊಡಿ. ಬಿಚ್ಚಬೇಕಾದ ಚಕ್ರವನ್ನು ಚಾಸಿ, ಅಂದರೆ ಗಾಡಿಯ ಅಡಿಯ ಉಕ್ಕಿನ ಚೌಕಟ್ಟಿನ ಕೆಳಗೆ ಮಲಗಿಸಿ. ರಿಮ್‌ಗೆ ತಾಗದ ಹಾಗೆ, ಅದರ ಅಂಚಿನ ಪಕ್ಕದಲ್ಲೇ ಟಯರ್ ಮೇಲೆ ಒಂದು ಮರದ ತುಂಡು, ಅದರ ಮೇಲೆ ಜಾಕ್. ನಿಧಾನವಾಗಿ ಎತ್ತುತ್ತಾ ಹೋದರೆ ಗಾಡಿಯ ಭಾರ ಅದೇ ಜಾಗಕ್ಕೆ ಬೀಳುತ್ತದೆ. ಮೊದಲು ಟಯರ್ ತಗ್ಗುತ್ತದೆ, ತುಕ್ಕಿನ ಪುಡಿ ಉದುರುತ್ತದೆ, ಆಮೇಲೆ ‘ಟಪ್’ ಅಂತ ಬೀಡ್ ಇಳಿಯುತ್ತದೆ. ಜಾಕ್ ಇಳಿಸಿ, ಚಕ್ರ ಸ್ವಲ್ಪ ತಿರುಗಿಸಿ, ಮತ್ತೆ ಒತ್ತಿ. ಸುತ್ತ ಬಿಟ್ಟ ಮೇಲೆ ಮಗುಚಿ ಇನ್ನೊಂದು ಬದಿ. ಗಾಡಿ ಕೆಳಗೆ ತಲೆ ಮಾತ್ರ ಹಾಕಬೇಡಿ.

ಇಷ್ಟಾದ ಮೇಲೆ ಲಿವರ್ ಕೆಲಸ, ಅಂದರೆ ಬೀಡನ್ನು ರಿಮ್‌ನ ಅಂಚಿನ ಮೇಲಕ್ಕೆ ಎತ್ತುವ ಉಕ್ಕಿನ ಸಲಾಕೆಯದು. ಬೈಕಿನ ಗಿಡ್ಡ ಲಿವರ್ ಸಾಲದು, ಎರಡಡಿ ಉದ್ದದವು ಎರಡು ಬೇಕು. ರಿಮ್‌ನ ನಡುವೆ ಒಂದು ತಗ್ಗು ಇರುತ್ತದೆ. ಆ ತಗ್ಗು ಯಾವ ಬದಿಗೆ ಹತ್ತಿರವೋ ಆ ಬದಿ ಮೇಲಿರಲಿ. ಬೀಡ್‌ಗೆ ಸೋಪಿನ ನೀರು ಹಚ್ಚಿ, ಲಿವರ್ ಹಾಕುವ ಜಾಗಕ್ಕೆ ನೇರ ಎದುರಿನ ಬೀಡನ್ನು ಮೊಣಕಾಲಿಂದ ಆ ತಗ್ಗಿಗೆ ಒತ್ತಿ ಹಿಡಿಯಿರಿ. ಆಗ ಈ ಕಡೆ ಸಡಿಲ ಸಿಗುತ್ತದೆ. ಅದಿಲ್ಲದೆ ಸುಮ್ನೆ ಬಲ ಹಾಕಿದರೆ ತಂತಿಯ ಬಳೆ ಹಿಗ್ಗುವುದಿಲ್ಲ, ಲಿವರ್ ಜಾರಿ ಮುಖಕ್ಕೆ ಬರುತ್ತದೆ. ಎರಡೆರಡು ಇಂಚು ಎತ್ತಿದರೆ ಸಾಕು.

ಟಯರ್ ಹೇಗೂ ಗುಜರಿಗೆ ಅಂತ ಕತ್ತರಿಸುವವರೂ ಇದ್ದಾರೆ. ಪಕ್ಕದ ರಬ್ಬರ್ ಚಾಕುವಿಗೆ ಬಗ್ಗುತ್ತದೆ, ಬೀಡ್ ತಂತಿಗೆ ಲೋಹ ಕತ್ತರಿಸುವ ಗ್ರೈಂಡರ್ರೇ ಬೇಕು. ಹೊಗೆ, ಕಿಡಿ, ಮೇಲಿಂದ ರಿಮ್‌ಗೆ ಗೀರು. ಇದು ನನಗೆ ಒಪ್ಪಿಗೆ ಇಲ್ಲ.

ಅಲಾಯ್ ಚಕ್ರವಾದರೆ ನೇರ ಅಂಗಡಿಗೆ ಒಯ್ಯಿರಿ, ಲಿವರ್ ತಾಗಿದಲ್ಲೆಲ್ಲ ಗೆರೆ ಬೀಳುತ್ತದೆ. ಹೊಸ ಟಯರ್ ಹಾಕಿಸಲು ನಾನೂ ಅಂಗಡಿಗೇ ಹೋಗುತ್ತೇನೆ. ಟ್ಯೂಬ್‌ಲೆಸ್ ಬೀಡ್ ಕೂರಬೇಕಾದರೆ ಗಾಳಿ ರಭಸವಾಗಿ ನುಗ್ಗಬೇಕು, ಕಾಲಲ್ಲಿ ತುಳಿಯುವ ಪಂಪಿಗೆ ಅದು ಆಗುವ ಕೆಲಸವಲ್ಲ. ಬ್ಯಾಲೆನ್ಸಿಂಗ್, ಅಂದರೆ ಚಕ್ರದ ಸುತ್ತ ತೂಕ ಸಮ ಮಾಡುವುದು ಕೂಡ ಅಲ್ಲೇ ಮುಗಿಯುತ್ತದೆ.