ಹಂದಿ ಫಾರ್ಮ್‌ಗೆ ಗೋಬರ್ ಗ್ಯಾಸ್: ಮೂರು ವರ್ಷ ಬಳಸಿದ ಮೇಲೆ

ಹೆಸರಘಟ್ಟದ ಹತ್ತಿರ ನಮ್ಮದೊಂದು ಚಿಕ್ಕ ಹಂದಿ ಫಾರ್ಮ್ ಇದೆ. ಬೆಳೆದ ಹಂದಿಗಳೇ 40. ಮೂರು ವರ್ಷದ ಹಿಂದೆ ದೀನಬಂಧು ಮಾದರಿಯ, ದಿನಕ್ಕೆ 4 ಘನ ಮೀಟರ್ ಗ್ಯಾಸ್ ಕೊಡುವ ತೊಟ್ಟಿ ಕಟ್ಟಿಸಿದೆವು. ನೆಲದೊಳಗೆ ಇಟ್ಟಿಗೆಯ ಗುಮ್ಮಟ ಇರುತ್ತದೆ. ತುಕ್ಕು ಹಿಡಿಯುವ ಕಬ್ಬಿಣದ ಡ್ರಮ್ ಇಲ್ಲ ಅಂತಲೇ ಇದನ್ನು ಆರಿಸಿಕೊಂಡೆ.

ನಮ್ಮ ಹಂದಿಗಳಿಗೆ ಯಶವಂತಪುರದ ಕಡೆಯ ಹೋಟೆಲ್‌ಗಳಿಂದ ಮುಸುರೆ ಬರುತ್ತದೆ. ಅದನ್ನು ಚೆನ್ನಾಗಿ ಕುದಿಸದೆ ಹಾಕುವಂತಿಲ್ಲ, ಹಂದಿ ಜ್ವರ ಅದರಿಂದಲೂ ಬರಬಹುದು. ಮುಂಚೆ ದಿನಾ ಎರಡು ಹಂಡೆಗೂ ಸೌದೆ ಉರಿಸುತ್ತಿದ್ದೆವು. ಹೊಗೆಗೆ ನನ್ನ ಹೆಂಡತಿಯ ಕಣ್ಣು ಸದಾ ಕೆಂಪಗಿರುತ್ತಿತ್ತು. ಈಗ ಒಂದು ಹಂಡೆ ಪೂರ್ತಿ ಗ್ಯಾಸಿನಲ್ಲೇ ಕುದಿಯುತ್ತದೆ. ಇನ್ನೊಂದಕ್ಕೆ ಇನ್ನೂ ಸೌದೆ ಬೇಕು, ಅದನ್ನು ಮುಚ್ಚಿಡುವುದಿಲ್ಲ. 1 ಘನ ಮೀಟರ್ ಗ್ಯಾಸ್ ಅರ್ಧ ಕೆ.ಜಿ. ಎಲ್‌ಪಿಜಿಗಿಂತ ಸ್ವಲ್ಪ ಕಡಿಮೆ ಕೆಲಸ ಮಾಡುತ್ತದೆ. ತೊಟ್ಟಿ ತುಂಬು ಗ್ಯಾಸ್ ಕೊಡುವ ದಿನಗಳಲ್ಲಿ ಎಂಟು ದಿನಕ್ಕೊಂದು 14.2 ಕೆ.ಜಿ. ಸಿಲಿಂಡರ್ ಉಳಿದ ಲೆಕ್ಕ.

ನಾವು ಕಷ್ಟಪಟ್ಟಿದ್ದು ಫಿನಾಯಿಲ್‌ನಿಂದ. ಕೊಟ್ಟಿಗೆಗೆ ಫಿನಾಯಿಲ್ ಹಾಕಿ ತೊಳೆದು, ಆ ನೀರನ್ನೇ ತೊಟ್ಟಿಗೆ ಬಿಡುತ್ತಿದ್ದೆವು. ನಾಲ್ಕನೇ ತಿಂಗಳು ಒಲೆ ಹತ್ತಲೇ ಇಲ್ಲ. ಗ್ಯಾಸ್ ಮಾಡುವ ಸೂಕ್ಷ್ಮಜೀವಿಗಳು ಸತ್ತಿದ್ದವು. ಕಟ್ಟಿದವರು ಇದರ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ, ಅದಕ್ಕೆ ಇವತ್ತಿಗೂ ಬೇಜಾರಿದೆ. ಪಕ್ಕದ ಮನೆಯಿಂದ ಹಸುವಿನ ಸಗಣಿ ತಂದು ಮತ್ತೆ ಶುರು ಮಾಡಬೇಕಾಯಿತು. ಈಗ ಮೊದಲು ಗೊಬ್ಬರ ಬಾಚಿ, ಅಷ್ಟೇ ನೀರು ಕಲಸಿ ತೊಟ್ಟಿಗೆ ಹಾಕುತ್ತೇವೆ. ತೊಳೆದ ನೀರು ಬೇರೆ ಚರಂಡಿಗೆ. ನೀರು ಜಾಸ್ತಿಯಾದರೂ ತೊಂದರೆನೇ, ಗೊಬ್ಬರ ಕೊಳೆಯುವ ಮೊದಲೇ ಆಚೆ ಬಂದುಬಿಡುತ್ತದೆ.

ಇನ್ನೊಂದು, ಕೊಳೆತ ಮೊಟ್ಟೆ ವಾಸನೆ. ಅದು ಹೈಡ್ರೋಜನ್ ಸಲ್ಫೈಡ್. ವಿಷದ ಗ್ಯಾಸ್ ಅದು, ಲೋಹವನ್ನೂ ತಿನ್ನುತ್ತದೆ. ನಮ್ಮ ಹಿತ್ತಾಳೆ ವಾಲ್ವ್ ಕಪ್ಪಗಾಗಿ ಎರಡೇ ವರ್ಷಕ್ಕೆ ತಿರುಗದೆ ಹೋಯಿತು. ಆಮೇಲೆ ಪೀಣ್ಯದ ಲೇತ್ ಅಂಗಡಿಯಿಂದ ಒಂದು ಚೀಲ ಕಬ್ಬಿಣದ ಸುರುಳಿ ಚೂರು ತಂದೆ. ನೀರು ಚಿಮುಕಿಸಿ ತುಕ್ಕು ಹಿಡಿಸಿ, ಪಿವಿಸಿ ಪೈಪಿಗೆ ತುಂಬಿ ಗ್ಯಾಸ್ ಲೈನಿಗೆ ಸೇರಿಸಿದೆ. ತುಕ್ಕು ಆ ವಾಸನೆಯನ್ನು ಹೀರಿಕೊಳ್ಳುತ್ತದೆ. ಕೆಲವು ವಾರಕ್ಕೆ ಚೂರು ಇದ್ದಿಲಿನಂತೆ ಕಪ್ಪಾಗುತ್ತದೆ. ಹೊರಗೆ ತೆಳ್ಳಗೆ ಹರಡಿದರೆ ಗಾಳಿಗೆ ಮತ್ತೆ ಕೆಂಪಾಗುತ್ತದೆ, ಮತ್ತೆ ತುಂಬಬಹುದು. ಆಗ ಅದು ಬಿಸಿಯಾಗುತ್ತದೆ, ಒಣಹುಲ್ಲಿನ ಹತ್ತಿರ ಖಂಡಿತ ಹರಡಬೇಡಿ.

ಡಿಸೆಂಬರ್, ಜನವರಿ ಚಳಿಗೆ ಗ್ಯಾಸ್ ಕಡಿಮೆ. ಆಗ ಬಿಸಿಲಲ್ಲಿಟ್ಟ ನೀರಲ್ಲಿ ಗೊಬ್ಬರ ಕಲಸುತ್ತೇವೆ, ಸ್ವಲ್ಪ ವಾಸಿ.

ಆಚೆ ಬರುವ ಬಗ್ಗಡ ಸೀಮೆಹುಲ್ಲಿಗೆ ಹೋಗುತ್ತದೆ. ಅದಕ್ಕೆ ಹಸಿ ಗೊಬ್ಬರದ ನಾತ ಇರುವುದಿಲ್ಲ. ಸುತ್ತ ಲೇಔಟ್‌ಗಳು ಬಂದಿವೆ, ವಾಸನೆ ಅಂತ ದೂರು ಬರುತ್ತಲೇ ಇತ್ತು. ಕಳೆದ ವರ್ಷ ಒಂದೂ ಬರಲಿಲ್ಲ. ನನಗೆ ಸಿಲಿಂಡರ್ ಲೆಕ್ಕಕ್ಕಿಂತ ಇದೇ ದೊಡ್ಡದು.

ಕಟ್ಟಿಸುವವರು ಮೊದಲು ಒಂದು ವಾರ ದಿನಾ ಗೊಬ್ಬರ ತೂಕ ಮಾಡಿ ನೋಡಿ. ನಮಗೆ ದಿನಕ್ಕೆ ಸುಮಾರು 80 ಕೆ.ಜಿ. ಸಿಗುತ್ತದೆ, 4 ಘನ ಮೀಟರ್ ಸರಿಹೋಯಿತು. ಹಂದಿ ಕಡಿಮೆ ಇದ್ದರೆ ಚಿಕ್ಕದೇ ಕಟ್ಟಿಸಿ.